ಡಾಲಿಗೆ ಕೊಟ್ಟ ಆನೆಮರಿ

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಮೂರು ಸಂಗತಿಗಳು ಬಂದೇ ಬರುತ್ತವೆ. ಒಂದು, ಅವನ ಮೀಸೆ. ಎರಡು, ಅವನ ಕರಗುವ ಗಡಿಯಾರಗಳು. ಮೂರು, ನಮ್ಮ ಬೆಂಗಳೂರಿನಿಂದ ಅವನಿಗೆ ಹೋದ ಆನೆಮರಿ. ಈ ಮೂರನೆಯದನ್ನು ಹೇಳುವಾಗ ಹೇಳುವವನ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಇರುತ್ತದೆ, ಕೇಳುವವರ ಮುಖದಲ್ಲಿ ನಗು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಈ ಕತೆಯನ್ನು ಎಷ್ಟು ತರಗತಿಗಳಲ್ಲಿ, ಎಷ್ಟು ಚಿತ್ರಕಲಾ ಶಿಬಿರಗಳಲ್ಲಿ, ಎಷ್ಟು ಮದುವೆಮನೆಯ ಜಗಲಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಹೇಳುವುದಕ್ಕೆ ಈ ಬರಹ. ಸತ್ತು ಹೋದ ಡಾಲಿಯ ಮೇಲೆ ಜಗಳ ಹೂಡುವುದು ಸುಲಭ, ಅದರಿಂದ ಯಾರಿಗೂ ಪ್ರಯೋಜನವಿಲ್ಲ. ನನ್ನ ತಕರಾರು ಇರುವುದು ಅವನಿಗೆ ನಾವೆಲ್ಲ ಸೇರಿ ದಯಪಾಲಿಸಿರುವ ರಿಯಾಯಿತಿಯ ಬಗ್ಗೆ.

ಕತೆ ಗೊತ್ತಿಲ್ಲದವರಿಗಾಗಿ ಒಮ್ಮೆ, ಕೊನೆಯ ಸಲ, ಹೇಳಿಬಿಡುತ್ತೇನೆ. 1967ರಲ್ಲಿ ಏರ್ ಇಂಡಿಯಾದವರು ತಮ್ಮ ಆಯ್ದ ಪ್ರಯಾಣಿಕರಿಗೆ ಉಡುಗೊರೆಯಾಗಿ ಕೊಡಲು ಒಂದು ಆ್ಯಷ್‌ಟ್ರೇ ರೂಪಿಸಿಕೊಡಿ ಎಂದು ಡಾಲಿಯನ್ನು ಕೇಳಿದರು. ಅವನು ಒಪ್ಪಿದ. ನಡುವೆ ಚಿಪ್ಪಿನಾಕಾರದ ಬಟ್ಟಲು, ಅದರ ಅಂಚಿಗೆ ಸುತ್ತಿಕೊಂಡ ಹಾವು, ಅದನ್ನು ಹೊತ್ತು ನಿಂತ ಹಂಸ ಮತ್ತು ಆನೆಯ ತಲೆಗಳು. ತಲೆಕೆಳಗು ಮಾಡಿ ನೋಡಿದರೆ ಹಂಸವೇ ಆನೆ, ಆನೆಯೇ ಹಂಸ. ಫ್ರಾನ್ಸಿನ ಲಿಮೋಜ್‌ನಲ್ಲಿ ಪಿಂಗಾಣಿಯಲ್ಲಿ ಕೆಲವು ನೂರು ಪ್ರತಿಗಳನ್ನಷ್ಟೇ ಮಾಡಿಸಿದರು. ಕೂಲಿ ಎಷ್ಟು ಎಂದು ಕೇಳಿದಾಗ ಡಾಲಿ ಹಣ ಬೇಡ, ಒಂದು ಆನೆಮರಿ ಬೇಕು ಎಂದ. ಕೊಟ್ಟರು. ಬೆಂಗಳೂರಿನ ಮೃಗಾಲಯದಿಂದ ಸುಮಾರು ಎರಡು ವರ್ಷದ ಮರಿಯೊಂದನ್ನು ಮಾವುತನ ಜೊತೆ ವಿಮಾನದಲ್ಲಿ ಜಿನೀವಾಕ್ಕೆ ಒಯ್ದು, ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಕಡಲತೀರದ ಕಡಕೇಸ್ ಎಂಬ ಊರಿಗೆ ಮುಟ್ಟಿಸಿದರು. ಅಲ್ಲಿ ಅದಕ್ಕೆ ಹಬ್ಬದಂಥ ಸ್ವಾಗತವಾಯಿತು. ಅದರ ಪಕ್ಕದ ಪೋರ್ಟ್ ಲಿಗಾಟ್‌ನಲ್ಲಿಯೇ ಡಾಲಿಯ ಮನೆ. ನಾನು ಯಾವಾಗಲೂ ಕತೆಯನ್ನು ಈ ಹಬ್ಬಕ್ಕೇ ನಿಲ್ಲಿಸುತ್ತಿದ್ದೆ. ಕತೆ ಹೇಳುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ.

ನಿವೃತ್ತಿಗೆ ಎರಡು ವರ್ಷ ಇರುವಾಗ ಎಂಟನೇ ತರಗತಿಯಲ್ಲಿ ಹೀಗೇ ಹೇಳಿ ಮುಗಿಸಿದ್ದೆ. ಮಕ್ಕಳು ನಕ್ಕರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ನಮ್ಮ ಕಡೆಯ ಆನೆ ಬಿಡಾರದಲ್ಲಿ ಕಾವಾಡಿಯಾಗಿದ್ದ. "ಸರ್, ಎರಡು ವರ್ಷದ ಮರಿ ಅಂದ್ರೆ ಇನ್ನೂ ಹಾಲು ಕುಡೀತಿರತ್ತೆ. ಅದರ ತಾಯಿ ಎಲ್ಲಿತ್ತು?" ಎಂದಳು. ನಾನು ತಡಬಡಾಯಿಸಿ, "ಅದೆಲ್ಲ ಬಿಡಮ್ಮಾ, ಡಾಲಿ ದೊಡ್ಡ ಜೀನಿಯಸ್ಸು, ಅವನು ಹಾಗೇ" ಎಂದೆ. ಅವಳು ಕೂತಳು. ಸಂಜೆ ಸೈಕಲ್ ತುಳಿದುಕೊಂಡು ಮನೆಗೆ ಬರುವಾಗ ಅನ್ನಿಸಿತು: ಅವಳು ಕೇಳಿದ್ದು ಆನೆಯ ಬಗ್ಗೆ. ನಾನು ಹೇಳಿದ್ದು ಡಾಲಿಯ ಬಗ್ಗೆ. ಅದು ಉತ್ತರವೇ ಆಗಿರಲಿಲ್ಲ. ಆದರೆ ಎಂಥ ಪ್ರಶ್ನೆಯನ್ನಾದರೂ ಕೂರಿಸಿಬಿಡುವ ಶಕ್ತಿ ಆ ಮಾತಿಗಿದೆ. "ಅವನು ಹಾಗೇ."

ಡಾಲಿಯ ಬಗ್ಗೆ ಬಂದಿರುವ ಜನಪ್ರಿಯ ಬರಹಗಳನ್ನು ತಿರುವಿ ನೋಡಿ. ಎಲ್ಲ ಕಡೆಯೂ ಇದೇ ಮಾತಿನ ಹಲವು ವೇಷಗಳು ಕಾಣುತ್ತವೆ. ಅವನು ವಿಲಕ್ಷಣ, ಅವನು ತಿಕ್ಕಲು, ಅವನು ಕನಸಿನಲ್ಲಿ ಬದುಕಿದವನು, ಲೋಕದ ಕಟ್ಟಳೆಗಳು ಅವನಿಗೆ ತಿಳಿಯುತ್ತಿರಲಿಲ್ಲ. ಇದು ಸುಳ್ಳು ಎಂದು ನಾನು ಹೇಳುತ್ತೇನೆ. ಡಾಲಿಯಷ್ಟು ಎಚ್ಚರವಾಗಿದ್ದ ಚಿತ್ರಕಾರ ಆ ಶತಮಾನದಲ್ಲಿ ಬಹಳ ಮಂದಿ ಇರಲಿಲ್ಲ. ಬೇರೆ ಯಾರ ಸಾಕ್ಷಿಯೂ ಬೇಡ, ಅವನದೇ ಕೈಬರಹ ಸಾಕು. 1948ರಲ್ಲಿ ಅವನು ಚಿತ್ರಕಲೆಯ ಕುಶಲಕರ್ಮದ ಬಗ್ಗೆ ಐವತ್ತು ರಹಸ್ಯಗಳ ಒಂದು ಪುಸ್ತಕ ಬರೆದ. ಅದರಲ್ಲಿ ಕುಂಚ, ಎಣ್ಣೆ, ಬಣ್ಣ ಅರೆಯುವ ರೀತಿ, ಎಲ್ಲದರ ಬಗ್ಗೆ ಹಳೆಯ ಕಾಲದ ಶಿಲ್ಪಿಯೊಬ್ಬ ಶಿಷ್ಯನಿಗೆ ಹೇಳುವಂಥ ಪಾಠಗಳಿವೆ. ಒಂದು ಪಾಠ ನಿದ್ದೆಯ ಬಗ್ಗೆ. ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಎಡಗೈಯ ಬೆರಳುಗಳ ನಡುವೆ ಒಂದು ಭಾರವಾದ ಬೀಗದ ಕೈ ಹಿಡಿದುಕೊಳ್ಳಬೇಕು. ಕೆಳಗೆ ಒಂದು ತಟ್ಟೆಯನ್ನು ಬೋರಲು ಹಾಕಿರಬೇಕು. ನಿದ್ದೆ ಹತ್ತಿದ ಕ್ಷಣ ಬೆರಳು ಸಡಿಲವಾಗಿ ಕೀಲಿ ತಟ್ಟೆಯ ಮೇಲೆ ಬಿದ್ದು ಸದ್ದಾಗಿ ಎಚ್ಚರವಾಗುತ್ತದೆ. ಅಷ್ಟು ನಿದ್ದೆ ಸಾಕು, ಎದ್ದು ಕೆಲಸಕ್ಕೆ ಹೋಗು. ಕನಸಿಗೂ ಹೀಗೆ ಕಾವಲು ಕೂರಿಸಿದವನನ್ನು ಕನಸಿನಲ್ಲಿ ಕಳೆದುಹೋದವನು ಎನ್ನುತ್ತೇವಲ್ಲ!

ಇನ್ನು ಆ ಗಡಿಯಾರಗಳ ಚಿತ್ರವನ್ನೇ ನೋಡಿ. 1931ರ 'ನೆನಪಿನ ಹಠ'. ಎಪ್ಪತ್ತರ ದಶಕದಲ್ಲಿ ನಾನು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಗುಡ್ಡೆಯಿಂದ ಒಂದು ಹರಿದ ಆಲ್ಬಮ್ ತಂದು, ಅದರಿಂದ ಈ ಚಿತ್ರವನ್ನು ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದೆ. ಅದು ಗೋಡೆ ತುಂಬುವಷ್ಟು ದೊಡ್ಡ ಚಿತ್ರವಿರಬೇಕೆಂದು ಬಹಳ ಕಾಲ ನಂಬಿದ್ದೆ. ಅದರ ನಿಜವಾದ ಅಳತೆ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ಪರೀಕ್ಷೆಗೆ ಮಕ್ಕಳಿಗೆ ಕೊಡುವ ಫುಲ್‌ಸ್ಕೇಪ್ ಹಾಳೆಯನ್ನು ಅಡ್ಡ ಇಟ್ಟರೆ ಹೆಚ್ಚುಕಡಿಮೆ ಅಷ್ಟೆ. ಅಷ್ಟರೊಳಗೆ ಮೂರು ಗಡಿಯಾರಗಳು ಬಿಸಿಲಿಗೆ ಮೆತ್ತಗಾಗಿ ಬಾಗಿವೆ, ನಾಲ್ಕನೆಯದಕ್ಕೆ ಇರುವೆ ಮುತ್ತಿದೆ, ಹಿಂದೆ ಅವನ ಊರಿನ ಕಡಲಿನ ಬಂಡೆಗಳು ಸಂಜೆ ಬೆಳಕಿನಲ್ಲಿ ನಿಂತಿವೆ. ಗಡಿಯಾರದ ಅಂಚಿನ ಹೊಳಪು ನೋಡಿದರೆ ಕೈ ಒಂದು ಕೂದಲೆಳೆಯಷ್ಟೂ ನಡುಗಿಲ್ಲ. ಹುಚ್ಚಿನ ಕೈ ಹಾಗಿರುವುದಿಲ್ಲ. ಭ್ರಮೆ ಹಿಡಿದವನ ನೋಟವನ್ನು ಬೇಕೆಂದೇ ತಂದುಕೊಂಡು, ಆಮೇಲೆ ತಣ್ಣನೆಯ ತಲೆಯಿಂದ ಅದನ್ನು ಬಿಡಿಸುವುದಕ್ಕೆ ಅವನು ಒಂದು ಪದ್ಧತಿಯನ್ನೇ ಕಟ್ಟಿ ಅದಕ್ಕೆ ಹೆಸರನ್ನೂ ಇಟ್ಟಿದ್ದ. ತನಗೂ ಹುಚ್ಚನಿಗೂ ಇರುವ ವ್ಯತ್ಯಾಸವೆಂದರೆ ತಾನು ಹುಚ್ಚನಲ್ಲ ಎಂಬುದೇ, ಎಂದು ಹೇಳಿಕೊಂಡು ತಿರುಗಿದವನು ಅವನೇ. ನಾವು ಅದನ್ನು ಜೋಕೆಂದು ತಿಳಿದು ನಕ್ಕೆವು. ಅವನು ಆಡಿದ ಮಾತುಗಳಲ್ಲಿ ಅಕ್ಷರಶಃ ನಂಬಬೇಕಾದದ್ದು ಅದೊಂದನ್ನು.

ಹುಚ್ಚನಲ್ಲ ಎಂದಮೇಲೆ ಅವನು ಮಾಡಿದ್ದಕ್ಕೆಲ್ಲ ಅವನೇ ಹೊಣೆ. ನನ್ನ ವಾದ ಇಷ್ಟೇ, ಮತ್ತು ಇದರಿಂದ ತಪ್ಪಿಸಿಕೊಳ್ಳುವ ದಾರಿ ನನಗೆ ಕಂಡಿಲ್ಲ. ಚಿತ್ರದ ಎದುರು ನಿಂತಾಗ ಎಂಥ ಹಿಡಿತ, ಎಂಥ ಬುದ್ಧಿ ಎಂದು ಹೊಗಳಿ, ಬದುಕಿನ ಮಾತು ಬಂದ ಕೂಡಲೆ ಪಾಪ ಅವನಿಗೆ ಏನು ಗೊತ್ತು ಎನ್ನುವುದು ಎರಡು ತಕ್ಕಡಿಯ ವ್ಯಾಪಾರ.

ಡಾಲಿ ಹುಟ್ಟಿದ್ದು 1904ರ ಮೇ 11ರಂದು, ಸ್ಪೇನಿನ ಈಶಾನ್ಯದ ಕ್ಯಾಟಲೋನಿಯಾ ಪ್ರಾಂತದ ಫಿಗೆರಸ್ ಊರಿನಲ್ಲಿ. ಅವನಿಗಿಂತ ಮೊದಲು ಹುಟ್ಟಿ ತೀರಿಹೋಗಿದ್ದ ಅಣ್ಣನ ಹೆಸರನ್ನೇ ಅವನಿಗೂ ಇಟ್ಟಿದ್ದರು. ಅಪ್ಪ ದಸ್ತಾವೇಜುಗಳನ್ನು ನೋಂದಾಯಿಸುವ ನೋಟರಿ. ಮಗನಿಗೆ ಹದಿನಾರಾಗಿದ್ದಾಗ ತಾಯಿ ತೀರಿಕೊಂಡಳು. 1922ರಲ್ಲಿ ಮ್ಯಾಡ್ರಿಡ್‌ಗೆ ಓದಲು ಹೋದಾಗ ವಿದ್ಯಾರ್ಥಿನಿಲಯದಲ್ಲಿ ಸಿಕ್ಕ ಗೆಳೆಯರು ಕವಿ ಲೋರ್ಕಾ ಮತ್ತು ಮುಂದೆ ಚಿತ್ರನಿರ್ದೇಶಕನಾದ ಬುನ್ಯುಯೆಲ್. 1926ರಲ್ಲಿ, ನನ್ನನ್ನು ಪರೀಕ್ಷಿಸುವ ಯೋಗ್ಯತೆ ಈ ಪರೀಕ್ಷಕರಿಗಿಲ್ಲ ಎಂದು ಹೇಳಿ ಕಾಲೇಜಿನಿಂದ ಹೊರಬಿದ್ದ. 1929ರಲ್ಲಿ ಬುನ್ಯುಯೆಲ್ ಜೊತೆ 'ಆಂಡಲೂಸಿಯಾದ ನಾಯಿ' ಎಂಬ ಸಿನಿಮಾ ಮಾಡಿದ. ಅದೇ ವರ್ಷ ಗಾಲಾ ಅವನ ಬಾಳಿಗೆ ಬಂದಳು. ಪ್ಯಾರಿಸ್ಸಿನ ಅತಿವಾಸ್ತವವಾದಿಗಳ ಬಳಗಕ್ಕೆ ಅವನು ಸೇರಿದ್ದೂ ಆಗಲೇ. ಈ ಹುಡುಗನನ್ನು ನಾನು ಈಗಲೂ ಪ್ರೀತಿಸುತ್ತೇನೆ. ಪರೀಕ್ಷಕರನ್ನು ಧಿಕ್ಕರಿಸಿದ ಕತೆಯನ್ನು ಫೇಲಾದ ಮಕ್ಕಳಿಗೆ ಹೇಳಿ ಧೈರ್ಯ ತುಂಬಿದ್ದೇನೆ.

ಆಮೇಲಿನದನ್ನು ನಾವು ವಿನೋದದಂತೆ ಹೇಳಿಕೊಳ್ಳುತ್ತೇವೆ. 1934ರಲ್ಲಿ ಬಳಗದವರು ಅವನನ್ನು ವಿಚಾರಣೆಗೆ ಕರೆದರು. ಹಿಟ್ಲರನ ಬಗ್ಗೆ ಅವನಿಗಿದ್ದ ಮೋಹ ಅವರಿಗೆ ಸಹಿಸಲಾಗಿರಲಿಲ್ಲ. ಅವನು ಜ್ವರದವನಂತೆ ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು, ಒಂದರ ಮೇಲೊಂದು ಸ್ವೆಟರ್ ತೊಟ್ಟುಕೊಂಡು ಬಂದು, ನಡುನಡುವೆ ಒಂದೊಂದನ್ನೇ ಬಿಚ್ಚುತ್ತ ಸಭೆಯನ್ನು ಪ್ರಹಸನ ಮಾಡಿದ. ನಾವು ನಗುತ್ತೇವೆ. ಅದು 1934, ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಒಂದು ವರ್ಷವಾಗಿತ್ತು ಎಂಬುದು ನಗುವಾಗ ನೆನಪಾಗುವುದಿಲ್ಲ. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಯಿತು. ಆಗಸ್ಟ್‌ನಲ್ಲಿ ಫ್ರಾಂಕೋನ ಕಡೆಯವರು ಲೋರ್ಕಾನನ್ನು ಗ್ರನಾಡಾದ ಹತ್ತಿರ ಕೊಂದು ಹಾಕಿದರು. ಡಾಲಿಯ ಮೇಲೆ ಒಂದು ದೀರ್ಘ ಪದ್ಯವನ್ನೇ ಬರೆದಿದ್ದ ಗೆಳೆಯ ಅವನು. 1937ರ ಪ್ಯಾರಿಸ್ ಪ್ರದರ್ಶನದಲ್ಲಿ ಸ್ಪೇನ್ ಗಣರಾಜ್ಯದ ಮಂಟಪಕ್ಕೆ ಪಿಕಾಸೊ 'ಗೆರ್ನಿಕಾ' ಬರೆದ, ಜೊವಾನ್ ಮಿರೊ ಕುಡುಗೋಲು ಹಿಡಿದ ಕ್ಯಾಟಲನ್ ರೈತನ ದೊಡ್ಡ ಚಿತ್ರ ಬರೆದ. ಡಾಲಿಯ ಚಿತ್ರ ಅಲ್ಲಿರಲಿಲ್ಲ. ಅವನು ಆ ವರ್ಷ ಬರೆದ ಚಿತ್ರಗಳಲ್ಲಿ ಒಂದು 'ಆನೆಗಳನ್ನು ಪ್ರತಿಬಿಂಬಿಸುವ ಹಂಸಗಳು'. ಕೊಳದ ಮೇಲೆ ಮೂರು ಹಂಸಗಳು, ನೀರಿನಲ್ಲಿ ಅವುಗಳ ಕೊರಳು ಸೊಂಡಿಲಾಗಿ, ರೆಕ್ಕೆ ಕಿವಿಯಾಗಿ, ಹಿಂದಿನ ಬೋಳು ಮರಗಳು ಕಾಲುಗಳಾಗಿ ಆನೆಗಳು ಕಾಣುತ್ತವೆ. ಮೂವತ್ತು ವರ್ಷದ ಮೇಲೆ ಆ್ಯಷ್‌ಟ್ರೇಗೆ ಇಳಿದದ್ದು ಇದೇ ಉಪಾಯ.

ಡಾಲಿ ಯುದ್ಧದ ಚಿತ್ರ ಬರೆಯಲಿಲ್ಲ ಎಂದು ನಾನು ಹೇಳುತ್ತಿಲ್ಲ. 1936ರಲ್ಲಿ ಅವನು ಬರೆದ 'ಬೇಯಿಸಿದ ಅವರೆಯೊಡನೆ ಮೆದು ರಚನೆ', ಅಂತರ್ಯುದ್ಧದ ಮುನ್ಸೂಚನೆ ಎಂದು ಹೆಸರಾದ ಚಿತ್ರ, ಫಿಲಡೆಲ್ಫಿಯಾದ ಸಂಗ್ರಹಾಲಯದಲ್ಲಿದೆ. ಒಂದು ದೈತ್ಯ ದೇಹ ತನ್ನ ಕೈಯಿಂದ ತನ್ನನ್ನೇ ಹಿಂಡಿಕೊಳ್ಳುತ್ತಿದೆ, ತನ್ನ ಕಾಲಿನಿಂದ ತನ್ನನ್ನೇ ತುಳಿಯುತ್ತಿದೆ. ಅಂಥ ಘೋರವನ್ನು ಕೆಳಗೆ ಚೆಲ್ಲಿದ ನಾಲ್ಕು ಬೆಂದ ಕಾಳುಗಳೊಡನೆ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಕಣ್ಣು ಇಷ್ಟನ್ನು ಕಂಡಿತ್ತು. ಕಂಡವನಿಗೆ ರಿಯಾಯಿತಿ ಇನ್ನೂ ಕಡಿಮೆಯಾಗಬೇಕಲ್ಲವೇ?

ಯಾರಿಗೂ ತೊಂದರೆ ಕೊಡದ ವಿದೂಷಕ ಎನ್ನುವವರು ಬುನ್ಯುಯೆಲ್‌ನ ಆತ್ಮಕಥೆ ಓದಬೇಕು. ಯುದ್ಧದಲ್ಲಿ ಸೋತ ಕಡೆಯವನಾಗಿ ನ್ಯೂಯಾರ್ಕಿಗೆ ಬಂದು ಬಿದ್ದಿದ್ದ ಆತ ಹಳೆಯ ಗೆಳೆಯನ ಬಳಿ ಸಾಲ ಕೇಳಿದ. ಡಾಲಿ ಕೊಡಲಿಲ್ಲ. ಕೊಡದಿರಲಿ, ಸಾಲ ಯಾರೂ ಕೊಡಲೇಬೇಕೆಂದಿಲ್ಲ. ಆದರೆ 1942ರಲ್ಲಿ ಬಂದ ತನ್ನ 'ರಹಸ್ಯ ಜೀವನ' ಪುಸ್ತಕದಲ್ಲಿ ಬುನ್ಯುಯೆಲ್ ನಾಸ್ತಿಕನೆಂದು ಬರೆದ. ಅಂದಿನ ಅಮೆರಿಕದಲ್ಲಿ ಆ ಮಾತಿಗೆ ಏನು ಬೆಲೆ ತೆರಬೇಕಾಗುತ್ತದೆಂದು ಡಾಲಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಬುನ್ಯುಯೆಲ್ ಅಲ್ಲಿನ ಆಧುನಿಕ ಕಲಾ ಸಂಗ್ರಹಾಲಯದ ಕೆಲಸ ಬಿಡಬೇಕಾಯಿತು. ಆ ಹೊತ್ತಿಗೆ ಆಂದ್ರೆ ಬ್ರೆತಾಂ ಸಾಲ್ವಡಾರ್ ಡಾಲಿ ಎಂಬ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ 'ಆವಿಡಾ ಡಾಲರ್ಸ್' ಎಂದು ಹೊಸ ಹೆಸರಿಟ್ಟಿದ್ದ. ಡಾಲರಿಗೆ ಬಾಯಿ ಬಿಡುವವನು ಎಂಬ ಅರ್ಥ. ಹಣದ ವಿಷಯ ನಾನು ದೊಡ್ಡದು ಮಾಡುವುದಿಲ್ಲ. 1968ರಲ್ಲಿ ಚಾಕೊಲೇಟ್ ಜಾಹೀರಾತಿನಲ್ಲಿ ಮೀಸೆ ಕುಣಿಸಿದ, 1969ರಲ್ಲಿ ಚುಪಾ ಚುಪ್ಸ್ ಎಂಬ ಪೆಪ್ಪರಮೆಂಟಿನ ಹೊದಿಕೆಗೆ ಹೂವಿನ ಲಾಂಛನ ಬರೆದುಕೊಟ್ಟ. ಅನ್ನದ ದಾರಿ, ಬರೆಯಲಿ. ಆದರೆ ಸಾವಿರಾರು ಖಾಲಿ ಹಾಳೆಗಳಿಗೆ ಸಹಿ ಹಾಕಿ ಮಾರಿದ. 1974ರಲ್ಲಿ ಫ್ರಾನ್ಸಿನ ಸುಂಕದವರು ಆಂಡೊರಾಕ್ಕೆ ಹೋಗುತ್ತಿದ್ದ ಒಂದು ಗಾಡಿಯನ್ನು ತಡೆದಾಗ ಅದರಲ್ಲಿ ಅವನ ಸಹಿ ಇದ್ದ 40,000 ಖಾಲಿ ಹಾಳೆಗಳು ಸಿಕ್ಕವು. ಚಿತ್ರ ಬಿಡಿಸಿದ ಮೇಲೆ ಸಹಿ ಹಾಕಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ನನಗೆ ಇದು ತಮಾಷೆಯಾಗಿ ಕಾಣುವುದಿಲ್ಲ.

ಈಗ ನಿಜವಾದ ಮಾತಿಗೆ ಬರೋಣ. ಡಾಲಿ ಅಮೆರಿಕದಿಂದ ಸ್ಪೇನಿಗೆ ಮರಳಿದ್ದು 1948ರಲ್ಲಿ. 1956ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ದರ್ಶನ ಪಡೆದ. 1964ರಲ್ಲಿ ಆ ಸರಕಾರದ ದೊಡ್ಡ ಪದಕ ಧರಿಸಿದ. ಎಪ್ಪತ್ತರ ದಶಕದಲ್ಲಿ ಫ್ರಾಂಕೋನ ಮೊಮ್ಮಗಳು ಕುದುರೆಯ ಮೇಲೆ ಕೂತ ಚಿತ್ರ ಬರೆದು ಒಪ್ಪಿಸಿದ. 1975ರ ಸೆಪ್ಟೆಂಬರ್ 27ರಂದು ಆ ಸರಕಾರ ಐವರು ಯುವಕರನ್ನು ಗುಂಡಿಟ್ಟು ಕೊಂದಿತು. ಪೋಪ್ ಬೇಡವೆಂದು ಬೇಡಿಕೊಂಡಿದ್ದರು. ಯೂರೋಪಿನ ಅನೇಕ ದೇಶಗಳು ತಮ್ಮ ರಾಯಭಾರಿಗಳನ್ನು ಹಿಂದಕ್ಕೆ ಕರೆಸಿಕೊಂಡವು. ಡಾಲಿ ಆ ಕೊಲೆಗಳನ್ನು ಬಹಿರಂಗವಾಗಿ ಸಮರ್ಥಿಸಿದ, ಇಷ್ಟು ಸಾಲದು ಎಂಬ ಅರ್ಥದ ಮಾತನ್ನೂ ಆಡಿದ. ಆಗ ಅವನಿಗೆ 71 ವರ್ಷ. ಇದಕ್ಕೂ "ಅವನು ಹಾಗೇ" ಎನ್ನುತ್ತೇವೆಯೇ?

ಅನ್ನುವವರಿದ್ದಾರೆ. ಅವರ ವಾದದಲ್ಲಿ ಗಟ್ಟಿಯಾದದ್ದನ್ನು ಮರೆಮಾಚಬಾರದು. ಅವರು ಹೇಳುವುದು ಇಷ್ಟು: ದೇಶ ಬಿಟ್ಟು ಹೋದವರಿಗೆ ಧೈರ್ಯದ ಮಾತು ಸುಲಭ. ಪಿಕಾಸೊ ಫ್ರಾನ್ಸಿನಲ್ಲಿದ್ದ. ಡಾಲಿಗೆ ತನ್ನ ಊರಿನ ಆ ಬಂಡೆ, ಆ ಬೆಳಕು ಇಲ್ಲದೆ ಬರೆಯಲಾಗುತ್ತಿರಲಿಲ್ಲ. ಅಲ್ಲಿ ಬದುಕಬೇಕಾದರೆ ಆಳುವವನಿಗೆ ತಲೆ ಬಾಗಲೇಬೇಕಿತ್ತು. ಈ ಮಾತಿಗೆ ತೂಕವಿದೆ. ನಾನು ಸರ್ವಾಧಿಕಾರದ ನೆರಳಿನಲ್ಲಿ ನಲವತ್ತು ವರ್ಷ ಬದುಕಿದವನಲ್ಲ. ಇಪ್ಪತ್ತೊಂದು ತಿಂಗಳ ತುರ್ತುಪರಿಸ್ಥಿತಿಯಲ್ಲಿಯೇ ನಾನು ಗೋಡೆಯ ಮೇಲೆ ಸರಕಾರಿ ಘೋಷಣೆಗಳನ್ನು ಚೆಂದದ ಅಕ್ಷರದಲ್ಲಿ ಬರೆದುಕೊಟ್ಟು ಬಾಯಿ ಮುಚ್ಚಿಕೊಂಡಿದ್ದವನು. ಆದ್ದರಿಂದ ಸುಮ್ಮನಿದ್ದವರನ್ನು ನಾನು ದೂರುವುದಿಲ್ಲ.

ಆದರೆ ಮಿರೊನನ್ನು ನೋಡಿ. ಅವನೂ ಕ್ಯಾಟಲನ್, ಅವನೂ ಅತಿವಾಸ್ತವವಾದಿಗಳ ಜೊತೆಗಿದ್ದವನು, ಅವನಿಗೂ ತನ್ನ ನೆಲ ಬಿಟ್ಟು ಬರೆಯಲು ಆಗುತ್ತಿರಲಿಲ್ಲ. ಡಾಲಿಗಿಂತ ಮೊದಲೇ, 1940ರಲ್ಲಿ, ಜರ್ಮನರು ಫ್ರಾನ್ಸಿಗೆ ನುಗ್ಗಿದಾಗ ಸ್ಪೇನಿಗೆ ಮರಳಿದ. ಫ್ರಾಂಕೋ ಸಾಯುವವರೆಗೂ ಅದೇ ಸರಕಾರದ ಕೆಳಗೆ ಬದುಕಿದ. ಜೈಲಿಗೆ ಹೋಗಲಿಲ್ಲ, ಭಾಷಣ ಬಿಗಿಯಲಿಲ್ಲ. ಆದರೆ ಆ ಸರಕಾರದ ಅಂಗಳಕ್ಕೆ ಹೋಗಿ ಪದಕಕ್ಕೆ ಕುತ್ತಿಗೆ ಒಡ್ಡಲಿಲ್ಲ. 1974ರ ಮಾರ್ಚ್ 2ರಂದು ಬಾರ್ಸಿಲೋನಾದ ಜೈಲಿನಲ್ಲಿ ಪುಯಿಗ್ ಆಂಟಿಕ್ ಎಂಬ 25 ವರ್ಷದ ಕ್ರಾಂತಿಕಾರಿಯನ್ನು ಕುತ್ತಿಗೆಗೆ ಕಬ್ಬಿಣದ ಪಟ್ಟಿ ಬಿಗಿದು ಕೊಂದರು. ಆ ವರ್ಷವೇ ಮಿರೊ ಮುಗಿಸಿದ ಮೂರು ದೊಡ್ಡ ಚಿತ್ರಪಟಗಳಿವೆ. ಹೆಸರು 'ಮರಣದಂಡನೆಗೆ ಗುರಿಯಾದವನ ಆಸೆ'. ಬಿಳಿಯ ಬಯಲಿನಲ್ಲಿ ಒಂದು ಕಪ್ಪು ಗೆರೆ ಹೊರಟು, ಬಾಗಿ, ಮುಚ್ಚಿಕೊಳ್ಳದೆ ನಿಂತುಬಿಡುತ್ತದೆ. ಪಕ್ಕದಲ್ಲಿ ಒಂದು ಬಣ್ಣದ ಕಲೆ. ಮತ್ತೇನೂ ಇಲ್ಲ. ಆಗ ಮಿರೊಗೆ ಎಂಬತ್ತು. ಅಂದು ಸತ್ತ ಹುಡುಗನ ಹೆಸರೂ ಸಾಲ್ವಡಾರ್. ಆ ಭಾಷೆಯಲ್ಲಿ ಕಾಪಾಡುವವನು ಎಂದರ್ಥ. ಒಂದೇ ನಾಡಿನಲ್ಲಿ, ಒಂದೇ ಆಳ್ವಿಕೆಯಲ್ಲಿ, ಇಬ್ಬರು ಮುದುಕರು ಎರಡು ಚಿತ್ರ ಬರೆಯುತ್ತಿದ್ದರು. ಒಂದರಲ್ಲಿ ಆ ಹುಡುಗ, ಇನ್ನೊಂದರಲ್ಲಿ ಸರ್ವಾಧಿಕಾರಿಯ ಮೊಮ್ಮಗಳು. ಬೇರೆ ದಾರಿ ಇರಲಿಲ್ಲ ಎಂಬ ವಾದ ಇಲ್ಲಿಗೆ ಮುಗಿಯಿತು.

ಹಾಗಾದರೆ ಡಾಲಿಯ ಚಿತ್ರಗಳನ್ನು ಗೋಡೆಯಿಂದ ಕೀಳಬೇಕೇ ಎಂದು ಕೇಳುವವರು ಇನ್ನೊಂದು ಗುಂಪು. ಖಂಡಿತ ಬೇಡ. ಈ ವಿಷಯದಲ್ಲಿ ನನಗೆ ದಾರಿ ತೋರಿಸಿದವನು ಜಾರ್ಜ್ ಆರ್ವೆಲ್. ಫ್ರಾಂಕೋನ ಸೈನ್ಯದ ವಿರುದ್ಧ ಹೋರಾಡಲು ಸ್ಪೇನಿಗೆ ಹೋಗಿ 1937ರಲ್ಲಿ ಗಂಟಲಿಗೆ ಗುಂಡು ತಿಂದು ಬದುಕಿದವನು ಆತ. 1944ರಲ್ಲಿ ಡಾಲಿಯ 'ರಹಸ್ಯ ಜೀವನ'ವನ್ನು ಓದಿ ಒಂದು ಪ್ರಬಂಧ ಬರೆದ. ಅದು ಅಶ್ಲೀಲವೆಂದು ಹೆದರಿ ಪ್ರಕಾಶಕರು ಅಚ್ಚಾದ ಪ್ರತಿಗಳಿಂದ ಆ ಹಾಳೆಗಳನ್ನೇ ಕತ್ತರಿಸಿ ತೆಗೆದರು. ಆರ್ವೆಲ್ ಹೇಳಿದ್ದರ ಸಾರ ಇದು: ಈತ ಒಳ್ಳೆಯ ಚಿತ್ರಕಾರ ಎಂಬುದೂ ಅಸಹ್ಯ ಹುಟ್ಟಿಸುವ ಮನುಷ್ಯ ಎಂಬುದೂ ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಒರೆಸಬಾರದು. ನಮ್ಮ ಕಲಾರಸಿಕರು ಎರಡನೆಯದನ್ನು ಒರೆಸುತ್ತಾರೆ. ನಮ್ಮ ನೀತಿವಂತರು ಮೊದಲನೆಯದನ್ನು ಒರೆಸುತ್ತಾರೆ. ಕೆಟ್ಟ ಮನುಷ್ಯ, ಆದ್ದರಿಂದ ಚಿತ್ರವೂ ಕೆಟ್ಟದಿರಲೇಬೇಕು ಎಂದು ಹುಡುಕಲು ಹೊರಡುತ್ತಾರೆ. ಫ್ರಾಂಕೋನ ಕಡೆ ವಾಲಿದ ಮೇಲೆ ಅವನ ಕೈ ಕೆಟ್ಟಿತು ಎಂಬ ಮಾತೂ ಈ ಜಾತಿಯದೇ. 1951ರಲ್ಲಿ ಬರೆದ ಶಿಲುಬೆಯ ಕ್ರಿಸ್ತನನ್ನು ನೋಡಿ. ಗ್ಲಾಸ್ಗೋ ಊರಿನವರು ಮರುವರ್ಷ 8,200 ಪೌಂಡ್ ಕೊಟ್ಟು ಕೊಂಡದ್ದು. ಶಿಲುಬೆಯನ್ನು ಮೇಲಿನಿಂದ ಕಂಡಂತೆ ಬರೆದಿದ್ದಾನೆ. ಮೊಳೆಯಿಲ್ಲ, ರಕ್ತವಿಲ್ಲ, ಕ್ರಿಸ್ತನ ಮುಖವೂ ಕಾಣುವುದಿಲ್ಲ. ಕೆಳಗೆ ಪೋರ್ಟ್ ಲಿಗಾಟ್‌ನ ಮೀನುಗಾರರ ದೋಣಿಗಳು. ಇದನ್ನು ಕೆಟ್ಟ ಚಿತ್ರ ಎನ್ನಲು ನನ್ನ ಕಣ್ಣು ಒಪ್ಪುವುದಿಲ್ಲ. ಒಳ್ಳೆಯ ಚಿತ್ರಗಳು ಒಳ್ಳೆಯವರ ಕೈಯಿಂದಲೇ ಬರುವಂತಿದ್ದರೆ ನನ್ನ ಕೆಲಸ ಬಹಳ ಸುಲಭವಾಗಿರುತ್ತಿತ್ತು.

ಇಷ್ಟೆಲ್ಲ ಕಟುವಾಗಿ ಯಾಕೆ ಬರೆಯುತ್ತಿದ್ದೇನೆಂದರೆ ಆ ರಿಯಾಯಿತಿಯನ್ನು ನಾನೂ ಪಡೆದವನು. ಡಾಲಿಯ ಪ್ರತಿಭೆಯ ನೂರನೇ ಒಂದು ಪಾಲೂ ಇಲ್ಲದ ನಾನು ಅವನ ರಿಯಾಯಿತಿಯನ್ನು ಮಾತ್ರ ಪೂರ್ತಿ ಬಳಸಿಕೊಂಡೆ. ಮೊದಲ ಪ್ರದರ್ಶನಕ್ಕೆ ಚೌಕಟ್ಟು ಹಾಕಿಸಲು ಹೆಂಡತಿಯ ಎರಡು ಬಳೆ ಹೋದವು, ಕೇಳದೆಯೇ ಒಯ್ದಿದ್ದೆ. ಮಗಳಿಗೆ ಟೈಫಾಯಿಡ್ ಆಗಿ ಮಲಗಿದ್ದಾಗ ನಾನು ಗೋಕರ್ಣದ ಕಡಲ ತಡಿಯಲ್ಲಿ ಬೆಳಕಿಗಾಗಿ ಕಾಯುತ್ತಿದ್ದೆ. ನೆಂಟರು ಏನಾದರೂ ಅಂದರೆ ಹೆಂಡತಿಯೇ ನಕ್ಕು, "ಅವರು ಆರ್ಟಿಸ್ಟು, ಹಾಗೇ" ಎನ್ನುತ್ತಿದ್ದಳು. ಆ ನಗುವನ್ನು ಒಪ್ಪಿಗೆ ಎಂದು ನಾನು ತಿಳಿದುಕೊಂಡಿದ್ದೆ. ಅವಳು ತೀರಿಕೊಂಡ ಮೇಲೆ ಒಂದು ದಿನ ಮಗಳು ಹೇಳಿದಳು, ಅಮ್ಮ ಆ ಮಾತು ಹೇಳಿ ಒಳಗೆ ಹೋಗಿ ಬಚ್ಚಲಲ್ಲಿ ನಿಲ್ಲುತ್ತಿದ್ದಳು ಎಂದು. ಕಾವಾಡಿಯ ಮಗಳಿಗೆ ಅಂದು ನಾನು ಕೊಟ್ಟ ಉತ್ತರ ನನ್ನ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಸಿದ್ಧವಾಗಿಯೇ ಇತ್ತು.

ಕಲಾವಿದನಿಗೆ ಈ ಮಾಫಿ ಕೊಡುವುದರಲ್ಲಿ ಕಲೆಗೆ ಗೌರವವಿದೆ ಎಂದು ನಾವು ತಿಳಿದಿದ್ದೇವೆ. ಬಡಗಿ ಸಾಲ ತೀರಿಸದಿದ್ದರೆ ಪಂಚಾಯಿತಿ ಸೇರಿಸುತ್ತೇವೆ. ಮೇಷ್ಟ್ರು ಮಗುವಿಗೆ ಹೊಡೆದರೆ ಕೇಳುತ್ತೇವೆ. ಕಲಾವಿದನನ್ನು ಮಾತ್ರ ಕೇಳುವುದಿಲ್ಲ. ಮಗುವನ್ನು, ಹುಚ್ಚನನ್ನು ಕೇಳದೆ ಬಿಡುವ ಹಾಗೆ ಬಿಡುತ್ತೇವೆ. ಅಂದರೆ ಅವನು ಪೂರ್ತಿ ಮನುಷ್ಯನಲ್ಲ ಎಂದು ನಾವು ತೀರ್ಮಾನಿಸಿದ ಹಾಗಾಯಿತು. ತನ್ನ ಕುಂಚದ ಒಂದೊಂದು ಕೂದಲಿಗೂ ಲೆಕ್ಕ ಇಟ್ಟಿದ್ದ ಡಾಲಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ? ಲೆಕ್ಕ ಕೇಳುವುದೇ ಅವನಿಗೆ ಸಲ್ಲುವ ಮರ್ಯಾದೆ.

ಅವನ ಕೊನೆಯ ದಿನಗಳನ್ನು ಓದಿದರೆ ಕನಿಕರ ಬರುತ್ತದೆ. 1982ರ ಜೂನ್‌ನಲ್ಲಿ ಗಾಲಾ ಸತ್ತಳು. ಪೂಬೋಲ್‌ನಲ್ಲಿ ಅವಳಿಗೆಂದು ತಾನೇ ಕೊಂಡ ಕೋಟೆಮನೆಗೆ, ಅವಳು ಬದುಕಿರುವವರೆಗೆ, ಅವಳು ಬರೆದು ಕರೆಯದೆ ಹೋಗುವಂತಿರಲಿಲ್ಲ. ಅವಳು ಹೋದ ಮೇಲೆ ಅಲ್ಲಿಯೇ ಬಾಗಿಲು ಮುಚ್ಚಿಕೊಂಡು ಕೂತ. 1984ರಲ್ಲಿ ಮಲಗುವ ಕೋಣೆಗೆ ಬೆಂಕಿ ಬಿದ್ದು ಮೈ ಸುಟ್ಟಿತು. 1989ರ ಜನವರಿ 23ರಂದು ಹುಟ್ಟಿದ ಊರಿನಲ್ಲಿಯೇ ಸತ್ತ. ಅಂತರ್ಯುದ್ಧದ ಕೊನೆಯಲ್ಲಿ ಸುಟ್ಟು ಕರಕಲಾಗಿದ್ದ ಊರಿನ ನಾಟಕಶಾಲೆಯನ್ನು ಅವನು 1974ರಲ್ಲಿ ತನ್ನ ಸಂಗ್ರಹಾಲಯ ಮಾಡಿದ್ದ. ಅದರ ನೆಲದ ಕೆಳಗೆ ಅವನನ್ನು ಹೂಳಿದರು. 2017ರಲ್ಲಿ ನ್ಯಾಯಾಲಯದ ಆಜ್ಞೆಯ ಮೇಲೆ ಗೋರಿ ತೆಗೆದಾಗ ಮೀಸೆ ಹಾಗೆಯೇ ಇತ್ತಂತೆ, ಹತ್ತು ಗಂಟೆ ಹತ್ತು ನಿಮಿಷದ ಮುಳ್ಳುಗಳ ಹಾಗೆ. ಪತ್ರಿಕೆಗಳು ಸಂಭ್ರಮಿಸಿದವು. ಮತ್ತೆ ಮೀಸೆ.

ಆನೆಮರಿ ಏನಾಯಿತು? ಅದು ದೊಡ್ಡದಾಯಿತು. ಆನೆಮರಿ ಮರಿಯಾಗಿಯೇ ಉಳಿಯುವುದಿಲ್ಲ ಎಂಬುದು ಅದನ್ನು ಕೇಳಿದವನಿಗೂ ಕೊಟ್ಟವರಿಗೂ ಹೊಳೆದಿತ್ತೋ ಇಲ್ಲವೋ. ಕೊನೆಗೆ ಅದನ್ನು ಸ್ಪೇನಿನ ಒಂದು ಪ್ರಾಣಿಸಂಗ್ರಹಾಲಯಕ್ಕೆ ಸೇರಿಸಿದರು. ಕೇಳಿದವನು ಒಬ್ಬನೇ ತಪ್ಪಿತಸ್ಥನಲ್ಲ. ಕೊಟ್ಟವರು ನಮ್ಮವರು, ಹೆಮ್ಮೆಪಟ್ಟವರು ನಾವು. ಕೆಲವು ನೂರು ಜನ ಸಿಗರೇಟಿನ ಬೂದಿ ಕೊಡವಲಿಕ್ಕೆ ಮಾಡಿದ ಪಿಂಗಾಣಿಗೆ ನಾವು ಕೊಟ್ಟ ಬೆಲೆ, ತಾಯಿಯ ಹಾಲು ಬಿಡದ ವಯಸ್ಸಿನ ಒಂದು ಜೀವ. ಆ ಪಿಂಗಾಣಿ ಈಗ ಹರಾಜುಗಳಲ್ಲಿ ಮಾರಾಟವಾಗುತ್ತದೆ.

ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅಂದು ಅವಳು ಬಿಡಿಸಿದ ಚಿತ್ರ ನನ್ನ ಹತ್ತಿರ ಇದೆ. ಎಲ್ಲರಿಗೂ ಡಾಲಿಯ ಆನೆಯನ್ನು ನೋಡಿ ಬರೆಯಿರಿ ಎಂದು ಹೇಳಿದ್ದೆ. ಜೇಡನ ಕಾಲಿನಂಥ ಉದ್ದುದ್ದ ಸಣ್ಣ ಕಾಲುಗಳ, ಬೆನ್ನ ಮೇಲೆ ಕಲ್ಲುಕಂಬ ಹೊತ್ತ ಆನೆ. ಉಳಿದ ಮಕ್ಕಳು ಹಾಗೆಯೇ ಬರೆದಿದ್ದರು. ಅವಳ ಆನೆಗೆ ಕಾಲು ದಪ್ಪಗಿದೆ, ಒಂದು ಕಾಲಿಗೆ ಸರಪಳಿ ಇದೆ, ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬರೆದಿದ್ದಾಳೆ. ಹೇಳಿದಂತೆ ಬರೆದಿಲ್ಲ ಎಂದು ನಾನು ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದೆ. ಕೆಂಪು ಶಾಯಿಯ ಆ ನಾಲ್ಕು ಇನ್ನೂ ಹಾಗೆಯೇ ಇದೆ.